ಪಕ್ಕದ ಸೀಟಿನ ತೂಕ

ವೆಂಡೆಲ್ ಮೊದಲ ಸಲ ನಮ್ಮ ಅಂಗಳಕ್ಕೆ ಬಂದಾಗ ಅವರ ಪಿಕಪ್ಪಿನ ಮೂತಿ ಆಕಾಶ ನೋಡುತ್ತಿತ್ತು.

ಹಿಂದಿನ ತೊಟ್ಟಿಯೊಳಗೆ ಒಂದು ಕ್ಯಾಂಪರನ್ನು ಜಾರಿಸಿ ಕೂರಿಸಿದ್ದರು. ಹಾಸಿಗೆ, ಒಲೆ, ಸಿಂಕು, ಪುಟ್ಟ ಕಿಟಕಿ ಎಲ್ಲ ಇರುವ ಡಬ್ಬಿಯಂಥ ಮನೆ. ಅದರ ಭಾರಕ್ಕೆ ಗಾಡಿಯ ಹಿಂಭಾಗ ಕುಸಿದು, ಮುಂಭಾಗ ಎದ್ದು, ಹಗಲಲ್ಲೇ ಹೊತ್ತಿಕೊಂಡಿದ್ದ ಎರಡೂ ದೀಪಗಳು ನಮ್ಮ ಷೆಡ್ಡಿನ ತಗಡನ್ನು ಬೆಳಗುತ್ತಿದ್ದವು.

"ಗೂಬೆ ಹುಡುಕ್ತಿದ್ದೀರಾ?" ಎಂದೆ, ಕಿಟಕಿಯಿಂದ.

ಅವರು ಟೋಪಿ ತೆಗೆದರು. ನೆತ್ತಿಯ ಮೇಲೆ ಕೂದಲು ಕಡಿಮೆ, ಹುಬ್ಬಿನಲ್ಲಿ ಜಾಸ್ತಿ. "ಸಿಕ್ಕಿದ್ರೆ ಒಳ್ಳೇದೇ. ಸದ್ಯಕ್ಕೆ ಎದುರಿಗೆ ಬರೋ ಲಾರಿಯವರೆಲ್ಲ ದೀಪ ಮಿಟುಕಿಸಿ ಬೈತಿದ್ದಾರೆ. ಒಬ್ಬ ಕೈಸನ್ನೆ ಬೇರೆ ಮಾಡಿದ."

"ಎಂಥ ಸನ್ನೆ?"

"ಮಿಸ್ ಮುಂದೆ ಮಾಡಿ ತೋರಿಸೋ ಅಂಥದ್ದಲ್ಲ."

"ನಾನು ಮಿಸ್ ಅಂತ ಯಾರು ಹೇಳಿದ್ರು?"

"ಪೆಟ್ರೋಲ್ ಬಂಕಲ್ಲಿ ದಾರಿ ಕೇಳಿದೆ. ಕಮಾನ್ ಅಂಗಡೀಲಿ ಮಿಸ್ ಕೂತಿರ್ತಾರೆ, ಕಾಲು ಒರೆಸ್ಕೊಂಡು ಒಳಗೆ ಹೋಗು ಅಂದ್ರು."

ಹಾಗೆಂದವನು ಯಾರೆಂದು ನನಗೆ ಗೊತ್ತಾಯಿತು. ನಾಲ್ಕನೇ ತರಗತಿಯಲ್ಲಿ ಕಾಲು ಒರೆಸದೆ ಬರುತ್ತಿದ್ದವನು ಅವನೇ. ವಿನ್ನಮುಕ್ಕದ ಅರ್ಧ ಊರಿಗೆ ಓದು ಬರಹ ಕಲಿಸಿದವಳು ನಾನು; ಮೊಮ್ಮಕ್ಕಳಿರುವವರೂ ನನ್ನನ್ನು ಮಿಸ್ ಎಂದೇ ಕರೆಯುತ್ತಾರೆ. ಮದುವೆ ಆಗಲಿಲ್ಲ. ನಿವೃತ್ತಿಯಾದ ಮೇಲೆ ಬೆಳಗಿನ ಹೊತ್ತು ತಮ್ಮ ಬತೀಸ್ತಾನ ಅಂಗಡಿಯಲ್ಲಿ ಫೋನು ನೋಡಿಕೊಳ್ಳುತ್ತೇನೆ. ಲಾರಿ, ಪಿಕಪ್ಪುಗಳ ಅಡಿಯಲ್ಲಿ ಭಾರ ಹೊರುವ ಉಕ್ಕಿನ ಕಮಾನು ಪಟ್ಟಿ ಕಟ್ಟುವುದು ಅವನ ಕೆಲಸ. ಕಡಲಾಚೆಯ ಬಾಸ್ಕ್ ಬೆಟ್ಟಗಳಿಂದ ಕುರಿ ಕಾಯಲೆಂದು ಬಂದ ನಮ್ಮ ಅಪ್ಪ ಕೊನೆಗೆ ಕುಲುಮೆ ಹಾಕಿಕೊಂಡಿದ್ದು ಇದೇ ಷೆಡ್ಡಿನಲ್ಲಿ.

ಬತೀಸ್ತಾ ಹಲಗೆಯ ಮೇಲೆ ಮಲಗಿ ಗಾಡಿಯ ಕೆಳಗೆ ತೂರಿದ. ಕೆಳಗಿನಿಂದಲೇ ಕೇಳಿದ.

"ಕ್ಯಾಂಪರ್ ಬಾಗಿಲಲ್ಲಿ ಬರೆದಿರೋ ತೂಕ ನಂಬಿದ್ರಾ?"

"ನಂಬಬಾರದಾ?"

"ಎಲ್ಲರೂ ನಂಬ್ತಾರೆ. ಎಲ್ಲರೂ ಇಲ್ಲಿಗೆ ಬರ್ತಾರೆ. ಅದು ಒಣ ತೂಕ ಸ್ವಾಮಿ. ನೀರಿಲ್ಲ, ಗ್ಯಾಸಿಲ್ಲ, ಬ್ಯಾಟರಿ ಇಲ್ಲ, ಬೀನ್ಸ್ ಡಬ್ಬಿ ಇಲ್ಲ, ಮನುಷ್ಯರಿಲ್ಲ. ಯಾರೂ ವಾಸ ಮಾಡದೇ ಇರೋ ಮನೆ ತೂಕ."

ವೆಂಡೆಲ್ ನನ್ನ ಕಡೆ ನೋಡಿ ಹುಬ್ಬು ಏರಿಸಿದರು, ತರಗತಿಯಲ್ಲಿ ಬೈಸಿಕೊಂಡ ಹುಡುಗನ ಹಾಗೆ. ನಾನು ನಗು ತಡೆದುಕೊಳ್ಳಲು ಫೋನಿನ ತಂತಿ ಬಿಡಿಸುವವಳಂತೆ ನಟಿಸಿದೆ.

ಎರಡು ದಾರಿಯಿದೆ ಎಂದ ಬತೀಸ್ತಾ. ಕಮಾನಿಗೆ ಇನ್ನೂ ಪಟ್ಟಿ ಸೇರಿಸುವುದು ಒಂದು: ಗಟ್ಟಿ, ಕೆಡುವುದಿಲ್ಲ, ಆದರೆ ಗಾಡಿ ಒರಟಾಗುತ್ತದೆ. ಇನ್ನೊಂದು, ಅಚ್ಚಿಗೂ ಚಾಸಿಗೂ ನಡುವೆ ರಬ್ಬರಿನ ಗಾಳಿಚೀಲ ಕೂರಿಸುವುದು: ಭಾರವಿದ್ದಾಗ ಗಾಳಿ ತುಂಬು, ಇಲ್ಲದಾಗ ಇಳಿಸು, ಸವಾರಿ ಮೆತ್ತಗಿರುತ್ತದೆ.

"ಪಟ್ಟಿನೇ ಹಾಕಿ" ಎಂದರು ವೆಂಡೆಲ್. "ರೈಲ್ವೇಲಿ ಸಿಗ್ನಲ್ ರಿಪೇರಿ ಮಾಡ್ಕೊಂಡಿದ್ದವನು ನಾನು. ಟ್ರಾಲಿ ಮೇಲೆ ಜೀವನ ಕಳೆದಿದೆ. ಕುಲುಕಾಟ ನಂಗೇನು ಹೊಸದಲ್ಲ."

"ಒಬ್ಬರೇನಾ ಓಡಾಡೋದು?" ಕೇಳಿದ ಬತೀಸ್ತಾ. ಭಾರ ಲೆಕ್ಕ ಹಾಕಲು ಕೇಳಿದ್ದು, ಪಾಪ.

"ಎಂಟು ವರ್ಷದಿಂದ ಒಬ್ನೇ" ಎಂದರು ಅವರು.

ಅದು ಸುಳ್ಳಲ್ಲ. ಅವರು ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ, ಆ ದಿನವಾಗಲಿ ಆಮೇಲಾಗಲಿ. ಹೇಳಿದ್ದರೆ ಕೋಪ ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು.

*

ಪಟ್ಟಿ ಹಾಕಿದ ಮೇಲೆ ಗಾಡಿ ಓಡಿಸಿ ನೋಡಬೇಕಿತ್ತು. ಬತೀಸ್ತಾನ ಕೈಯೆಲ್ಲ ಗ್ರೀಸು. "ಅಕ್ಕಾ, ನೀನು ಹೋಗ್ಬಾ. ಎಲ್ಲಿ ಎಗರುತ್ತೆ ನೋಡ್ಕೊಂಡು ಬಂದು ಹೇಳು" ಎಂದ. ಅವನು ನನ್ನನ್ನು ಹಾಗೆ ಕಳಿಸಿದ್ದು ಅದೇ ಮೊದಲು. ನನ್ನ ಕೋಟಿನ ಕಾಲರನ್ನು ಮುಂಗೈಯಿಂದ ಸರಿಮಾಡಿ ಬಾಗಿಲು ಹಾಕಿದ.

ಪ್ಯಾರಡೈಸ್ ಕಣಿವೆಯ ಜಲ್ಲಿ ದಾರಿ ಬಟ್ಟೆ ಒಗೆಯುವ ಹಲಗೆಯ ಹಾಗೆ ಗೀರು ಗೀರು. ಸೇಜ್ ಪೊದೆಗಳ ಮೇಲೆ ಇಬ್ಬನಿ ಇನ್ನೂ ಬಿಳಿಯಾಗಿತ್ತು. ಕ್ಯಾಂಪರು ಖಾಲಿ, ಪಟ್ಟಿ ಬಿಗಿ. ಪ್ರತಿ ಗೀರೂ ನನ್ನ ಬೆನ್ನುಹುರಿಯನ್ನು ಎಣಿಸುತ್ತಾ ಹೋಯಿತು. ನಾನು ತುಟಿ ಕಚ್ಚಿಕೊಂಡು ಹವಾಮಾನದ ಬಗ್ಗೆ ಮಾತಾಡುತ್ತಿದ್ದೆ. ದನ ದಾಟದಂತೆ ದಾರಿಗೆ ಅಡ್ಡ ಹಾಸಿದ್ದ ಕಬ್ಬಿಣದ ಕೊಳವೆಗಳ ಮೇಲೆ ಚಕ್ರ ಹತ್ತಿದಾಗ ಮಾತ್ರ ಬಾಯಿಯಿಂದ "ಅಯ್ಯೋ" ಬಂದೇಬಿಟ್ಟಿತು.

ಅವರು ತಟ್ಟನೆ ನಿಲ್ಲಿಸಿದರು. ಮುಖ ಬಿಳಿಚಿಕೊಂಡಿತ್ತು.

"ನೋವಾಯ್ತಾ?"

"ಏನಿಲ್ಲ. ನನ್ನ ಸೊಂಟಕ್ಕೂ ನನ್ನಷ್ಟೇ ವಯಸ್ಸು."

"ಅಷ್ಟು ಜೋರಾಗಿ ಎತ್ತಿ ಹಾಕ್ತಾ?"

"ಪರೀಕ್ಷೆಗೆ ಅಂತ ತಾನೇ ಬಂದಿದ್ದು. ಬತೀಸ್ತಾಗೆ ಹೇಳ್ತೀನಿ, ಗಾಡಿ ಪಾಸು, ಮಿಸ್ ಫೇಲು ಅಂತ."

ಅವರು ನಗಲಿಲ್ಲ. ತಮ್ಮ ಕೋಟು ಬಿಚ್ಚಿ, ನಾಲ್ಕಾಗಿ ಮಡಚಿ, "ಸ್ವಲ್ಪ ಮುಂದೆ ಬಗ್ಗಿ" ಎಂದು ನನ್ನ ಬೆನ್ನ ಹಿಂದೆ ಇಟ್ಟರು. ಮುಟ್ಟಲಿಲ್ಲ. ಆದರೆ ಮುಟ್ಟದಿರಲು ಎಷ್ಟು ಎಚ್ಚರ ಬೇಕೋ ಅಷ್ಟು ಎಚ್ಚರ ಆ ಕೈಯಲ್ಲಿತ್ತು. ವಾಪಸು ಬರುವಾಗ ನಡೆದು ಹೋಗುವವರ ವೇಗದಲ್ಲಿ ಗಾಡಿ ಓಡಿಸಿದರು. ನಡುಗುತ್ತಾ ಕೂತಿದ್ದರೂ ಕೋಟು ವಾಪಸು ಕೇಳಲಿಲ್ಲ.

ಮುಂದಿನ ವಾರ ಬಂದು ಬತೀಸ್ತಾನಿಗೆ ಹೇಳಿದರು. "ಪಟ್ಟಿ ಬಿಚ್ಚಿಬಿಡಿ. ಗಾಳಿಚೀಲ ಹಾಕಿ. ಮೆತ್ತಗಿರಬೇಕು. ಪಕ್ಕದ ಸೀಟಲ್ಲಿ ಕೂತವರ ಕೈಲಿರೋ ಕಾಫಿ ತುಳುಕಬಾರದು."

"ಮೊನ್ನೆ ತಾನೇ ಹಾಕಿದ್ದು!"

"ಗೊತ್ತು."

ಬತೀಸ್ತಾ ಗಾಡಿಯ ಕೆಳಗಿಂದ ತಲೆ ಹೊರಹಾಕಿ ನನ್ನನ್ನು ನೋಡಿದ. "ಅಕ್ಕಾ, ಈ ಮನುಷ್ಯ ಯಾರದೋ ಸೊಂಟದ ಸಲುವಾಗಿ ಒಳ್ಳೇ ಉಕ್ಕು ಬಿಚ್ಚಿಸ್ತಿದ್ದಾನೆ. ಯಾರದಿರಬಹುದು?"

"ಸುಮ್ನೆ ಕೆಲಸ ನೋಡು."

"ಕಿವಿ ಯಾಕೆ ಕೆಂಪಾಗಿದೆ?"

"ಚಳಿ."

ಹೀಟರ್ ಉರಿಯುತ್ತಿತ್ತು. ಮೂವರಿಗೂ ಅದು ಗೊತ್ತಿತ್ತು.

*

ಆ ಚಳಿಗಾಲ ಅವರು ವಾರ ತಪ್ಪಿಸಲಿಲ್ಲ. ಅವರಿದ್ದ ಬ್ಯಾಟಲ್ ಮೌಂಟನ್ನಿನಿಂದ ಒಂದು ಗಂಟೆಯ ದಾರಿ. ಒಂದು ವಾರ ಗಾಡಿ ಅಕ್ಕಪಕ್ಕ ತೂಗುತ್ತದೆ ಎಂದು ಅಡ್ಡ ಸರಳು ಹಾಕಿಸಿದರು. ಇನ್ನೊಂದು ವಾರ ಷಾಕ್ ಅಬ್ಸಾರ್ಬರು. ಮತ್ತೊಂದು ವಾರ ಹೆಚ್ಚು ಭಾರ ಹೊರುವ ಟೈರು. ಕೆಲಸ ಮುಗಿಯುವವರೆಗೆ ನಾವಿಬ್ಬರೂ ಕ್ಯಾಂಪರಿನೊಳಗೆ ಕೂತು ಕಾಫಿ ಕುಡಿಯುತ್ತಿದ್ದೆವು. ಕೆಳಗೆ ಬತೀಸ್ತಾ ಸುತ್ತಿಗೆ ಬಡಿದಾಗಲೆಲ್ಲ ನಮ್ಮ ಲೋಟಗಳಲ್ಲಿ ಉಂಗುರ ಏಳುತ್ತಿತ್ತು.

ಮಧ್ಯಾಹ್ನ ಸ್ಟೇಷನ್ನಿನ ಎದುರಿನ ಬಾಸ್ಕ್ ಹೋಟೆಲಿಗೆ ಹೋಗುತ್ತಿದ್ದೆವು. ಅಲ್ಲಿ ಉದ್ದನೆಯ ಮೇಜು. ಯಾರ ಪಕ್ಕ ಯಾರು ಬೇಕಾದರೂ ಕೂರಬೇಕು. ಸೂಪಿನ ಪಾತ್ರೆ ಕೈಯಿಂದ ಕೈಗೆ ದಾಟುತ್ತಿತ್ತು. ವೆಂಡೆಲ್ ತಾವು ಬಡಿಸಿಕೊಂಡ ಮೇಲೆ ಸೌಟಿನ ಹಿಡಿಯನ್ನು ಪಕ್ಕದವರ ಕಡೆ ತಿರುಗಿಸಿ ಕೊಡುತ್ತಿದ್ದರು. ಅಷ್ಟು ವರ್ಷ ಆ ಮೇಜಿನಲ್ಲಿ ಉಂಡಿದ್ದೇನೆ, ಹಾಗೆ ಮಾಡಿದವರನ್ನು ನೋಡಿರಲಿಲ್ಲ. ಮನುಷ್ಯ ಮನಸ್ಸಿಗೆ ಹತ್ತುವುದು ಇಂಥ ಕಡೆಯಿಂದ.

"ಏನು ನೋಡ್ತಿದ್ದೀರಿ ಮಿಸ್?"

"ನಿಮ್ಮ ಗಡ್ಡದಲ್ಲಿ ಬೀನ್ಸ್ ಇದೆ."

"ಎಲ್ಲಿ?"

"ಇರಲಿ ಬಿಡಿ. ದಾರಿ ಖರ್ಚಿಗೆ ಆಗುತ್ತೆ."

ಫೆಬ್ರವರಿಯ ಒಂದು ಬೆಳಿಗ್ಗೆ ಅವರು ಕ್ಯಾಂಪರಿನ ಸಿಂಕಿನ ಮೇಲೆ ಲೋಟ ತೂಗುಹಾಕುವ ಕೊಕ್ಕೆ ಜೋಡಿಸುತ್ತಿದ್ದರು.

"ಎಷ್ಟು ಎತ್ತರಕ್ಕೆ ಹಾಕ್ಲಿ?"

"ಕೈಗೆ ಸಿಗೋ ಎತ್ತರಕ್ಕೆ."

"ಕಣ್ಣು ಮುಚ್ಕೊಂಡು ಹುಡುಕಿದ್ರೂ ಸಿಗಬೇಕು. ಮುಚ್ಚಿ ನೋಡೋಣ."

ಮುಚ್ಚಿದೆ. ಕೈ ಎತ್ತಿದೆ. ತಗಡು, ಮರದ ಅಂಚು, ತಣ್ಣನೆಯ ನಲ್ಲಿ. "ಇನ್ನೂ ಎಡಕ್ಕೆ" ಎಂದರು, ತೀರಾ ಹತ್ತಿರದಿಂದ. ಅವರ ಉಸಿರಿನಲ್ಲಿ ಕಾಫಿ, ಕೋಟಿನಲ್ಲಿ ಸೀಮೆಎಣ್ಣೆ. ಬೆರಳಿಗೆ ಲೋಟದ ಬದಲು ಅವರ ಬೆರಳು ಸಿಕ್ಕಿತು. ಯಾರೂ ಕೈ ತೆಗೆಯಲಿಲ್ಲ. ಕೆಳಗೆ ಬತೀಸ್ತಾ ಏನೋ ಬಡಿಯುವುದನ್ನು ನಿಲ್ಲಿಸಿದ್ದ. ಇಡೀ ಅಂಗಳ ನಮಗಾಗಿ ಉಸಿರು ಬಿಗಿಹಿಡಿದಂತೆ ಇತ್ತು.

"ಸಿಕ್ತು" ಎಂದೆ.

"ಸಿಕ್ತು" ಎಂದರು.

ಅಂದು ಮನೆಗೆ ಹೋಗಿ ಕನ್ನಡಿ ನೋಡಿಕೊಂಡೆ. ಅರವತ್ತು ದಾಟಿದ ಮುಖ, ಆದರೆ ಯಾರೋ ಒಳಗೆ ದೀಪ ಹಚ್ಚಿ ಮರೆತುಹೋದಂತಿತ್ತು. ಅವರು ಕೇಳುತ್ತಾರೆ ಎಂದುಕೊಂಡೆ. ಕೇಳಿದರೆ ಹೂಂ ಎನ್ನುತ್ತೇನೆ. ಆ ಡಬ್ಬಿಯಂಥ ಮನೆಯಲ್ಲಿ ಕೂತು, ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗುತ್ತೇನೆ. ಅಷ್ಟೇ ನನಗೆ ಬೇಕಾಗಿದ್ದುದು. ಅಷ್ಟು ಗಟ್ಟಿಯಾಗಿ ನಾನು ಇನ್ನೇನನ್ನೂ ಬಯಸಿದ ನೆನಪಿಲ್ಲ.

*

ಮಾರ್ಚಿನಲ್ಲಿ ಕೇಳಿದರು.

ನಮ್ಮ ಕಡೆ ಕ್ಯಾಂಪರ್ ಹೊತ್ತು ಹೊರಡುವ ಮೊದಲು ಗಾಡಿಯನ್ನು ಹೆದ್ದಾರಿ ಪಕ್ಕದ ವೇಬ್ರಿಡ್ಜಿಗೆ ಒಯ್ಯುತ್ತಾರೆ. ಕಮಾನು ಎಷ್ಟೇ ಬಲಪಡಿಸಿದರೂ ಅಚ್ಚು ಹೊರುವುದು ಅಚ್ಚಿಗೆ ಆಗುವಷ್ಟನ್ನೇ. ಅದನ್ನು ಮೀರಿದರೆ ದಾರಿಯಲ್ಲಿ ಮುರಿದು ಕೂರಬೇಕು. ಆದ್ದರಿಂದ ನಿಜವಾಗಿ ಹೊರಡುವವರಂತೆ ಎಲ್ಲ ತುಂಬಿಕೊಂಡು ಹೋಗಿ ತೂಗಿಸಬೇಕು. ನೀರಿನ ತೊಟ್ಟಿ ತುಂಬಿಸಬೇಕು, ಹಾಸಿಗೆ ಕಂಬಳಿ ಇಡಬೇಕು, ಮನುಷ್ಯರು ತಂತಮ್ಮ ಸೀಟಿನಲ್ಲಿ ಕೂರಬೇಕು.

"ಮಿಸ್," ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದರು. "ಗಾಡೀಲಿ ಇಬ್ಬರು ಇರ್ತಾರೆ ಅಂತ ಇಟ್ಕೊಂಡು ತೂಗಿಸ್ಬೇಕು. ಪಕ್ಕದ ಸೀಟಿಗೆ ನೀವು ಬರ್ತೀರಾ?"

ನಾನು ಕೇಳಿಸಿಕೊಂಡಿದ್ದು ಬರ್ತೀರಾ ಎಂಬುದನ್ನು ಮಾತ್ರ.

"ಬರ್ತೀನಿ."

"ಒಬ್ಬ ಹೆಂಗಸಿಗೆ ಬೇಕಾಗೋ ಸಾಮಾನೂ ಹಾಕ್ಬೇಕು. ಬಟ್ಟೆಬರೆ, ಅದೂ ಇದೂ. ಒಂದು ಪೆಟ್ಟಿಗೆ ಆಗೋಷ್ಟು. ನಂಗೆ ಅಂದಾಜು ಗೊತ್ತಾಗಲ್ಲ."

"ನಾನು ತರ್ತೀನಿ."

ಎರಡು ಸಂಜೆ ಕೂತು ಪೆಟ್ಟಿಗೆ ತುಂಬಿದೆ. ಬೇರೆ ಯಾರಾದರೂ ಆಗಿದ್ದರೆ ಹಳೆಯ ಪತ್ರಿಕೆ ತುಂಬಿ ಭಾರ ಮಾಡಿಕೊಂಡು ಹೋಗುತ್ತಿದ್ದರೇನೋ. ನಾನು ಉಣ್ಣೆಯ ಸ್ಕರ್ಟು ಮಡಚಿದೆ, ಗಟ್ಟಿ ಬೂಟು ಇಟ್ಟೆ, ಅಮ್ಮನ ಕಬ್ಬಿಣದ ಬಾಣಲೆ, ಹಕ್ಕಿಗಳ ಪುಸ್ತಕ, ಹೊಸದಾಗಿ ಕೊಂಡ ನೀಲಿ ನೈಟ್‌ಗೌನು. ಅದನ್ನು ಒಮ್ಮೆ ತೆಗೆದು, ಮತ್ತೆ ಇಟ್ಟೆ. ಬತೀಸ್ತಾ ಬಂದು ಪೆಟ್ಟಿಗೆ ಎತ್ತಿ ಕಾರಿನಲ್ಲಿಟ್ಟ. ಏನೂ ಕೇಳಲಿಲ್ಲ. "ಅಂಗಡಿ ನೋಡ್ಕೊಳಕ್ಕೆ ಯಾರಾದ್ರೂ ಸಿಗ್ತಾರೆ ಅಕ್ಕಾ, ಅದೊಂದು ಯೋಚನೆ ಮಾಡ್ಬೇಡ" ಎಂದಷ್ಟೇ ಹೇಳಿದ.

ವೇಬ್ರಿಡ್ಜಿನ ಮೇಲೆ ಗಾಡಿ ನಿಂತಿತು. ಹಿಂದೆ ದನದ ಲಾರಿಯೊಂದು ಕಾಯುತ್ತಿತ್ತು. ಕಂಬದ ಸ್ಪೀಕರಿನಿಂದ ಹುಡುಗಿಯೊಬ್ಬಳ ದನಿ, "ಎಲ್ಲರೂ ಗಾಡಿಯೊಳಗೇ ಇದ್ದೀರಾ?"

"ಇಬ್ಬರೂ ಇದ್ದೀವಿ" ಎಂದರು ವೆಂಡೆಲ್.

ಇಬ್ಬರೂ. ನಾನು ಅಲುಗಾಡದೆ ಕೂತೆ, ಫೋಟೋ ತೆಗೆಸಿಕೊಳ್ಳುವವಳ ಹಾಗೆ.

ಒಳಗೆ ಹೋಗಿ ಚೀಟಿ ತಂದರು. ಓದಿ, ಇನ್ನೊಮ್ಮೆ ಓದಿ, ನನ್ನ ಕೈ ಹಿಡಿದುಬಿಟ್ಟರು. "ಹಿಂದಿನ ಅಚ್ಚು ಇನ್ನೂ ಭಾರ ಹೊರುತ್ತೆ! ಆಗುತ್ತೆ ಮಿಸ್, ಹೋಗಬಹುದು!"

ಅವರ ಹುಬ್ಬುಗಳೂ ನಗುತ್ತಿದ್ದವು. ನಾನು ಧೈರ್ಯ ಮಾಡಿದೆ.

"ಹಾಗಿದ್ರೆ ಹೊರಡೋದು ಯಾವಾಗ?"

"ಏಪ್ರಿಲ್ ಮೊದಲ ವಾರ. ವೆರ್ಲಾಳ ಡಾಕ್ಟರು ಹೂಂ ಅಂದ ತಕ್ಷಣ."

ಹಿಂದಿನ ಲಾರಿಯಲ್ಲಿ ದನವೊಂದು ಕೂಗಿತು.

"ವೆರ್ಲಾ ಯಾರು?"

ಅವರು ನನ್ನ ಕೈಯನ್ನು ನೋಡಿದರು, ಅದು ಎಲ್ಲಿಂದ ಬಂತು ಎನ್ನುವವರಂತೆ. ನಿಧಾನವಾಗಿ ಬಿಟ್ಟರು.

"ನನ್ನ ಹೆಂಡತಿ. ಬೇರೆ ಇದ್ದೀವಿ, ಎಂಟು ವರ್ಷ ಆಯ್ತು. ಎಲ್ಕೋ ಊರಲ್ಲಿ ಅವಳ ತಂಗಿ ಮನೇಲಿದ್ದಾಳೆ. ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರ ಹಿಂದಿನ ಪರದೆ ಸಡಿಲ ಆಗಿದೆಯಂತೆ. ಅದು ಹೋಗೋದರೊಳಗೆ ಯೂಟಾದಲ್ಲಿ ಹುಟ್ಟಿದೂರಿನ ಕೆಂಪು ಬಂಡೆ ಒಂದು ಸಲ ನೋಡ್ಬೇಕು ಅಂದ್ಲು. ಕುಲುಕಾಟ ಕೂಡದು ಅಂದಿದ್ದಾರೆ ಡಾಕ್ಟರು. ಅದಕ್ಕೇ ಆವತ್ತು, ನೀವು ಅಯ್ಯೋ ಅಂದಾಗ…" ಚೀಟಿ ಮಡಚಿದರು. "ಹೇಳಿದ್ದೀನಿ ಅಂದ್ಕೊಂಡಿದ್ದೆ. ಇಲ್ಲ. ಹೇಳಿಲ್ಲ ಅಂತ ನಂಗೆ ಗೊತ್ತಿತ್ತು."

ಆ ಚಳಿಗಾಲದ ಒಂದೊಂದು ಒಳ್ಳೆಯ ಮಾತನ್ನೂ ತಿರುಗಿಸಿ ನೋಡಿದರೆ, ಅದರ ಬೆನ್ನ ಮೇಲೆ ಬೇರೆಯವಳ ಹೆಸರಿತ್ತು. ಬಿಚ್ಚಿಸಿದ ಪಟ್ಟಿ, ತುಳುಕಬಾರದ ಕಾಫಿ, ಕಣ್ಣು ಮುಚ್ಚಿ ಹುಡುಕಿದ ಕೊಕ್ಕೆ. ನನ್ನ ಮೈಯನ್ನು ಅವಳ ಸೀಟಿನಲ್ಲಿ ಕೂರಿಸಿ, ನನ್ನ ನೀಲಿ ನೈಟ್‌ಗೌನನ್ನು ಅವಳ ಬಟ್ಟೆಯ ಲೆಕ್ಕಕ್ಕೆ ಹಿಡಿದು ತೂಗಿಸಿಕೊಂಡು ಬಂದಿದ್ದೆವು.

ಅಂಗಳದಲ್ಲಿ ಅವರೇ ಪೆಟ್ಟಿಗೆ ಇಳಿಸಿದರು. ನಗಿಸಬೇಕೆಂದು, ಪಾಪ, ತಮಾಷೆ ಮಾಡಿದರು. "ಏನು ತುಂಬಿದ್ದೀರಿ ಮಿಸ್, ಇಷ್ಟು ಭಾರ? ಇಟ್ಟಿಗೇನಾ?"

"ಹೂಂ" ಎಂದೆ. "ಇಟ್ಟಿಗೆ."

*

ಬತೀಸ್ತಾನಿಗೆ ಎರಡೇ ಮಾತಿನಲ್ಲಿ ಹೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡ.

"ಬರ್ಲಿ ಅವನು. ಎರಡೂ ಚೀಲದ ಗಾಳಿ ಬಿಡ್ತೀನಿ."

"ಬೇಡ."

"ನಿನಗೆ ಸಿಟ್ಟು ಬರಲ್ವಾ?"

"ಬರುತ್ತೆ. ಆದರೆ ಕೆಲಸ ಸರಿಯಾಗಿ ಮಾಡು. ಆ ಸೀಟಲ್ಲಿ ಕೂರೋಳ ಕಣ್ಣು ಹೋದ್ರೆ ನಾನು ಮಲಗೋದು ಹೇಗೆ?"

ಅವನು ಹೋಗಿ ನನ್ನ ಕಾರಿನ ಗಾಜಿನ ಮೇಲಿನ ಮಂಜು ಕೆರೆದ. ಅವನಿಗೆ ಮಾತು ಬರದಾಗ ಮಾಡುವ ಕೆಲಸ ಅದು.

ಏಪ್ರಿಲಿನಲ್ಲಿ ವೆಂಡೆಲ್ ಕೊನೆಯ ಸಲ ಬಂದಾಗ ವೆರ್ಲಾ ಪಕ್ಕದ ಸೀಟಿನಲ್ಲಿದ್ದಳು. ನಾನು ಅವಳನ್ನು ದ್ವೇಷಿಸಬೇಕೆಂದು ಸಿದ್ಧವಾಗಿದ್ದೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ.

"ಮಿಸ್ ಅಂದ್ರೆ ನೀವೇನಾ? ಬನ್ನಿ, ಈ ಕಡೆಯಿಂದ ಬನ್ನಿ. ಆ ಕಣ್ಣು ಹೋಗಿದೆ. ಈ ಕಣ್ಣು ಬಾಡಿಗೆ ಮನೆ ಥರ, ಯಾವತ್ತು ಖಾಲಿ ಮಾಡು ಅಂತಾರೋ." ನನ್ನ ತೋಳು ಹುಡುಕಿ ಹಿಡಿದುಕೊಂಡಳು. "ನನ್ನ ಬದಲು ನೀವು ತೂಗಿಸ್ಕೊಂಡ್ರಂತೆ. ಅಯ್ಯೋ, ಮೊದಲೇ ಹೇಳಿದ್ರೆ ನಾನು ಚಳಿಗಾಲದಲ್ಲಿ ಇಷ್ಟು ಕೇಕ್ ತಿಂತಿರಲಿಲ್ಲ!"

"ಗಾಳಿ ಸ್ವಲ್ಪ ಜಾಸ್ತಿ ತುಂಬಿದ್ರಾಯ್ತು" ಎಂದೆ.

ಅವಳು ಜೋರಾಗಿ ನಕ್ಕಳು. ಆಮೇಲೆ ದನಿ ಇಳಿಸಿ, "ಒಳ್ಳೆಯವನು ರೀ ಅವನು. ಸಂಸಾರ ಮಾಡಕ್ಕಾಗಲ್ಲ ಅಷ್ಟೆ. ಎಲ್ಲ ಮನಸ್ಸಲ್ಲೇ ಇಟ್ಕೋತಾನೆ, ಬೇಕಾದ ಹೊತ್ತಿಗೆ ಬಾಯಿ ಬಿಡಲ್ಲ."

"ಹೌದಾ" ಎಂದೆ.

ಅವಳ ಬೆನ್ನಿಗೂ ಸೀಟಿಗೂ ನಡುವೆ ಟೊಳ್ಳು ಕಾಣುತ್ತಿತ್ತು. ನನ್ನ ಕುರ್ಚಿಯ ದಿಂಬು ತಂದು ಅಲ್ಲಿಟ್ಟೆ. ಒಳ್ಳೆಯತನಕ್ಕೆ ಅಲ್ಲ. ಮೆತ್ತನೆಯ ಸೀಟು ಎಂದರೆ ಏನೆಂದು ಆ ಗಾಡಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ವೆಂಡೆಲ್ ಗಾಡಿಯ ಹಿಂದೆ ಮಂಡಿಯೂರಿ ಚೀಲಗಳ ಗಾಳಿ ನೋಡುತ್ತಿದ್ದರು. ನಾನು ಹತ್ತಿರ ಬಂದಾಗ ಎದ್ದು ನಿಂತರು. ಮಧ್ಯೆ ಕ್ಯಾಂಪರಿನ ಗೋಡೆ. ಮುಂದೆ ಕೂತ ವೆರ್ಲಾಗೆ ನಾವು ಕೇಳಿಸುತ್ತಿರಲಿಲ್ಲ.

"ಗ್ರೇಸಿಯಾನಾ."

ನನ್ನ ಹೆಸರು ಅವರ ಬಾಯಲ್ಲಿ ಅದೇ ಮೊದಲು.

"ಆ ಅಡ್ಡ ಸರಳು ಬೇಕಾಗಿರಲಿಲ್ಲ. ಷಾಕ್ ಅಬ್ಸಾರ್ಬರೂ ಬೇಕಾಗಿರಲಿಲ್ಲ. ಪಟ್ಟಿ ಬಿಚ್ಚಿಸಿದ್ದು ಅವಳಿಗೋಸ್ಕರ. ಆಮೇಲೆ ವಾರವಾರ ಬಂದಿದ್ದೆಲ್ಲ ನಿಮಗೋಸ್ಕರ."

"ಬತೀಸ್ತಾ ಹೇಳಿದ. ಅವನಿಗೆ ಆಗಲೇ ಗೊತ್ತಿತ್ತು."

"ನಿಮಗೆ?"

ಉತ್ತರಕ್ಕೆ ಕಾಯದೆ ಅವರು ಒಂದೇ ಉಸಿರಿಗೆ ಹೇಳಿಬಿಟ್ಟರು, ಚಳಿಗಾಲ ಪೂರ್ತಿ ಕಟ್ಟಿಟ್ಟಿದ್ದನ್ನು.

"ಇದು ಒಂದೇ ಪ್ರಯಾಣ. ಅವಳ ಕಣ್ಣಿರೋವರೆಗೆ ಆ ಬಂಡೆಗಳ ಕಡೆಯೇ ಓಡಾಡ್ಕೊಂಡು ಇರ್ತೀವಿ. ಆಮೇಲೆ ತಂಗಿ ಮನೇಲೇ ಇರ್ತೀನಿ ಅಂತ ಅವಳೇ ತೀರ್ಮಾನ ಮಾಡಿದ್ದಾಳೆ, ರೂಮೂ ರೆಡಿ ಇದೆ. ಅವಳನ್ನ ಬಿಟ್ಟು ನಾನು ನೇರ ಇಲ್ಲಿಗೇ ಬರ್ತೀನಿ. ಆ ಸೀಟು ನಿಮ್ಮದು. ಕಾಯ್ತೀರಾ?"

ಇದನ್ನೇ ಕೇಳಲಿ ಎಂದು ಎಷ್ಟು ಬೆಳಗು ಆ ಕಿಟಕಿಯಲ್ಲಿ ಕೂತಿದ್ದೆ. ಕೇಳಿದರು. ಬಾಯಿತನಕ ಬಂದ ಹೂಂ ಅಲ್ಲೇ ನಿಂತಿತು.

"ಎಷ್ಟು ದಿನ?"

"ಡಾಕ್ಟರಿಗೂ ಗೊತ್ತಿಲ್ಲ. ಈ ವರ್ಷವೇ ಹೋಗ್ಬಹುದು. ಇನ್ನೂ ಮೂರ್ನಾಲ್ಕು ವರ್ಷ ಇದ್ರೂ ಇರ್ಬಹುದು."

"ಹಾಗಿದ್ರೆ ದಿನಾ ಬೆಳಿಗ್ಗೆ ಎದ್ದು ನಾನು ಏನಂತ ಬೇಡ್ಕೋಬೇಕು ವೆಂಡೆಲ್?"

ಅರ್ಥವಾಗಲು ಅವರಿಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಮುಖದಿಂದ ಏನೋ ಇಳಿದುಹೋಯಿತು.

"ನಿಮಗಾಗಿ ಕಾಯೋದು ಅಂದ್ರೆ ಅವಳ ಕಣ್ಣು ಹೋಗಲಿ ಅಂತ ಕಾಯೋದು. ನಾನು ನನ್ನನ್ನ ಬಲ್ಲೆ. ಮೊದಲು ಅವಳಿಗೆ ಒಳ್ಳೇದಾಗ್ಲಿ ಅಂತೀನಿ. ಆಮೇಲೆ ಕ್ಯಾಲೆಂಡರ್ ನೋಡ್ತೀನಿ. ಬೇಡ. ಈ ವಯಸ್ಸಲ್ಲಿ ನನಗೆ ಅಂಥವಳಾಗೋದು ಬೇಡ."

"ನಾನು ತಪ್ಪಾಗಿ ಕೇಳ್ದೆ."

"ನೀವು ಸರಿಯಾಗೇ ಕೇಳಿದ್ರಿ. ಅದಕ್ಕೇ ಇಷ್ಟು ಕಷ್ಟ."

ಅವರು ಕೈ ಚಾಚಿದರು. ನಾನು ಹಿಡಿಯಲಿಲ್ಲ. ಹಿಡಿದಿದ್ದರೆ ಬಿಡುತ್ತಿರಲಿಲ್ಲ. ಹೊರಡುವವರಿಗೆ ಹೋಗಿ ಬನ್ನಿ ಎನ್ನುವುದು ವಾಡಿಕೆ; ನಾನು "ಹೋಗಿ" ಎಂದಷ್ಟೇ ಹೇಳಿದೆ.

ಗಾಡಿ ಅಂಗಳ ದಾಟುವಾಗ ಮಟ್ಟವಾಗಿ, ಮೆತ್ತಗೆ, ಹೊಸ್ತಿಲ ತಗ್ಗನ್ನೂ ತೋರಿಸದೆ ಹೋಯಿತು. ಬತೀಸ್ತಾ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ. ವೆರ್ಲಾ ಕಿಟಕಿಯಿಂದ ಕೈ ಬೀಸಿದಳು, ನಾನಿದ್ದ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ.

*

ಬೇಸಿಗೆ ಕಳೆಯಿತು. ನಾನು ಎಂದಿನಂತೆ ಅಂಗಡಿಗೆ ಬಂದೆ, ಉದ್ದ ಮೇಜಿನಲ್ಲಿ ಉಂಡೆ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಿದೆ. ಬೇಡ ಎಂದಿದ್ದು ಸರಿ ಎಂದು ನನಗೆ ನಾನೇ ಹಲವು ಸಲ ಹೇಳಿಕೊಂಡೆ. ಅದು ಸರಿಯೇ ಆಗಿತ್ತು. ಸರಿಯಾದದ್ದನ್ನು ಇಟ್ಟುಕೊಂಡು ಸಂಜೆ ಕಳೆಯುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾನು ಅಂಚೆಗೆ ಹೋಗಿ ಬರುವಷ್ಟರಲ್ಲಿ ಬತೀಸ್ತಾ ಫೋನು ಕೆಳಗಿಡುತ್ತಿದ್ದ.

"ಯಾರು?"

"ಅವನೇ. ಯೂಟಾದಿಂದ." ನನ್ನ ಮುಖ ನೋಡದೆ ಕೈ ಒರೆಸಿಕೊಂಡ. "ಬಲಗಡೆ ಚೀಲದ ಗಾಳಿ ಇಳೀತಿದೆಯಂತೆ. ಕೊಳವೆ ಸೇರೋ ಕಡೆ ಸೋಪುನೀರು ಹಾಕಿ ನೋಡು, ಗುಳ್ಳೆ ಬಂದ್ರೆ ಬಿಗಿ ಮಾಡು ಅಂದೆ."

"ಮತ್ತೇನಂದ್ರು?"

"ನಿನ್ನ ಕೇಳಿದ. ಚೆನ್ನಾಗಿದ್ದಾಳೆ ಅಂದೆ."

"ಅವಳು?"

"ಗಟ್ಟಿಯಾಗಿದ್ದಾಳಂತೆ. ಕಣ್ಣು ಹಾಗೇ ನಿಂತಿದೆಯಂತೆ. ಡಾಕ್ಟರೇ ಆಶ್ಚರ್ಯಪಟ್ರಂತೆ, ಗಾಡಿ ಅಷ್ಟು ಮೆತ್ತಗಿದ್ದಿದ್ದೇ ಒಳ್ಳೇದಾಯ್ತು ಅಂದ್ರಂತೆ. ಬೆಳಿಗ್ಗೆ ಕಣಿವೆ ಆಚೆ ಬಂಡೆ ಮೇಲೆ ಕಾಗೆ ಕೂತಿತ್ತಂತೆ, ಇವನಿಗೆ ಕಾಣಿಸ್ಲಿಲ್ಲ, ಅವಳೇ ಬೆರಳು ಮಾಡಿ ತೋರಿಸಿದ್ಲಂತೆ." ಅವನ ದನಿಯಲ್ಲಿ ಹೆಮ್ಮೆಯಿತ್ತು, ಅದು ಅವನ ಕೈಕೆಲಸ ತಾನೆ.

"ಒಳ್ಳೇದಾಯ್ತು" ಎಂದೆ.

ಬಾಯಿ ಹೇಳಿತು. ಇನ್ನೂ ಎಷ್ಟು ದಿನವೋ ಎಂದಿತು ಮನಸ್ಸು, ನನ್ನದೇ ದನಿಯಲ್ಲಿ, ಸ್ಪಷ್ಟವಾಗಿ. ಕಾಯುವುದಿಲ್ಲ ಎಂದು ಹೇಳಿ ಕಳಿಸಿದವಳು ನಾನೇ. ಏಪ್ರಿಲಿನಿಂದ ಒಂದು ದಿನವೂ ಬಿಡದೆ ಕಾಯುತ್ತಿದ್ದೆ.

ಬತೀಸ್ತಾ ಕೆಲಸಕ್ಕೆ ಹೋದ. ನಾನು ಕಿಟಕಿಯ ಹತ್ತಿರ ಕೂತು, ಆ ಕಾಗೆ ಅವಳಿಗೂ ಕಾಣದೇ ಹೋಗಿದ್ದರೆ ಎಂದುಕೊಂಡೆ.